ನಾಲ್ಕನೆಯ ಉತ್ತರ

ಸ್ಯಾನ್ ಹೋಸೆಯ ಬೆರ್ರಿಯೆಸಾ ಬಡಾವಣೆಯ ಚೀನೀ ಗ್ರೋಸರಿಯಲ್ಲಿ ಶುಂಠಿ ಹುಡುಕುತ್ತಿದ್ದವನು ಮೊನ್ನೆ ಒಂದು ಗಾಜಿನ ಭರಣಿಯ ಮುಂದೆ ನಿಂತುಬಿಟ್ಟೆ. ಒಳಗಿದ್ದದ್ದು ಒಣಗಿದ ಕಿತ್ತಳೆ ಸಿಪ್ಪೆ. ನಮ್ಮ ಕಡೆ ತಿಪ್ಪೆಯ ಪಾಲಾಗುವ, ಹೆಚ್ಚೆಂದರೆ ಗೊಜ್ಜಿನ ಪಾಲಾಗುವ ಈ ಪದಾರ್ಥವನ್ನು ಅಲ್ಲಿ ಕೆಂಪು ರಿಬ್ಬನ್ನು ಕಟ್ಟಿ, ಬೀಗದ ಕಪಾಟಿನಲ್ಲಿ ರಾಜಮನೆತನದ ಒಡವೆಯಂತೆ ಪ್ರತಿಷ್ಠಾಪಿಸಿದ್ದರು. ಯಾರೋ ಗಿರಾಕಿ ಮುಚ್ಚಳ ತೆಗೆಸಿ ಮೂಸಿದರು. ವಾಸನೆ ನನ್ನವರೆಗೂ ಬಂತು. ಸ್ವಲ್ಪ ಕಹಿ, ಸ್ವಲ್ಪ ಕರ್ಪೂರ, ಅದರ ಹಿಂದೆಯೇ ಬಿಸಿ ಬಟ್ಟೆಯ ಘಮ… ಬಿಸಿ ಬಟ್ಟೆ ಅಂಗಡಿಯಲ್ಲಿರಲಿಲ್ಲ. ಅದು ನನ್ನ ತಲೆಯೊಳಗಿನದು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಮೆಶಿನುಗಳು ಮನೆಯೊಳಗಿಲ್ಲ. ಎಲ್ಲರಿಗೂ ಸೇರಿ ಕೆಳಗೊಂದು ಲಾಂಡ್ರಿ ರೂಮು. ರೆಡ್‌ವುಡ್ ಸಿಟಿಯ ಆಫೀಸಿನಿಂದ ನಿವೃತ್ತನಾಗಿ, ಹೆಂಡತಿಯೂ ತೀರಿಕೊಂಡ ಮೇಲೆ, ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗುವುದೇ ನನ್ನ ಸಾರ್ವಜನಿಕ ಜೀವನವಾಗಿತ್ತು. ಒಂದು ಲುಂಗಿ, ಎರಡು ಶರಟು ಇದ್ದರೂ ಸಾಕು, ಬುಟ್ಟಿ ಹಿಡಿದು ಇಳಿಯುತ್ತಿದ್ದೆ. ಮೆಶಿನು ತಿರುಗುತ್ತಿರುವಾಗ ಯಾರಾದರೂ ಬರುತ್ತಾರೆ, ತಲೆಯಾಡಿಸುತ್ತಾರೆ, ಹೋಗುತ್ತಾರೆ. ಅಷ್ಟಾದರೆ ಆ ವಾರದ ಸಮಾಜಸೇವೆ ಮುಗಿದಂತೆ.

ಕೆಲವು ವರ್ಷಗಳ ಹಿಂದೆ ಎದುರು ಮನೆಯಲ್ಲಿ ಹಾಸಿಗೆ ಹಿಡಿದ ಚೀನೀ ಅಜ್ಜಿಯೊಬ್ಬರಿದ್ದರು. ಅವರನ್ನು ನೋಡಿಕೊಳ್ಳಲು ಅಲ್ಲೇ ಉಳಿದಿದ್ದವರು ಐವತ್ತರ ಆಸುಪಾಸಿನ ಹೆಂಗಸು, ಅವರೂ ಚೀನಾದವರೇ. ಹೆಸರು ಹೇಳಿದ್ದರು; ನನ್ನ ನಾಲಿಗೆ ಅದಕ್ಕೆ ಮಾಡಿದ ಅವಮರ್ಯಾದೆ ಕೇಳಿ ಅವರೇ "ಬೇಡ ಬಿಡಿ" ಎಂದುಬಿಟ್ಟರು. ನನಗೆ ಅವರು ಎದುರು ಮನೆಯವರು, ಅಷ್ಟೇ. ಅಜ್ಜಿಯ ಹಾಸಿಗೆ ಬಟ್ಟೆಗಳನ್ನು ಡ್ರೈಯರಿಗೆ ಹಾಕಿ, ಬಿಸಿಯಾದ ಅದರ ನೆತ್ತಿಯ ಮೇಲೆ ಕಿತ್ತಳೆ ಸಿಪ್ಪೆಗಳನ್ನು ಹರವುತ್ತಿದ್ದರು. ಒಣಗಿದ್ದನ್ನು ಬಿಸಿನೀರಿಗೆ ಹಾಕಿಕೊಂಡು ಕುಡಿಯುವುದು ಅವರ ಪದ್ಧತಿ.

ಪೆನ್ನಿನಲ್ಲೇ ಇಂಗ್ಲಿಷ್ ಪದಬಂಧ ತುಂಬುವುದು ನನ್ನ ಹಳೆಯ ಶೋಕಿ. ತಪ್ಪಿದರೆ ತಿದ್ದಲಾಗದು ನಿಜ, ಆದರೆ ನೋಡುವವರಿಗೆ ಗೌರವ ಹುಟ್ಟುತ್ತದೆ. ಹುಟ್ಟಿತು. ಒಂದು ಭಾನುವಾರ ಅವರು ಅಭ್ಯಾಸ ಪ್ರಶ್ನೆಗಳ ಇಟ್ಟಿಗೆ ಗಾತ್ರದ ಪುಸ್ತಕವೊಂದನ್ನು ತಂದು ನನ್ನ ಪದಬಂಧದ ಮೇಲೆಯೇ ಇಟ್ಟರು.

"ಕೊನೇಲಿ ಉತ್ತರ ಇದೆ. ಯಾಕೆ ಅಂತ ಇಲ್ಲ. ನೀವು ಯಾಕೆ ಅಂತ ಹೇಳಿ," ಎಂದರು.

ಇಬ್ಬರದೂ ಪುಸ್ತಕದಿಂದ ಕಲಿತ ಇಂಗ್ಲಿಷು. ಅವರದು ಮಾತಿಗೆ ಬಂದರೆ ಮೂರು ನಾಲ್ಕು ಪದಕ್ಕೆ ಸುಸ್ತಾಗುತ್ತಿತ್ತು. ನನ್ನದು ತುಮಕೂರಿನ ಹೈಸ್ಕೂಲಿನಲ್ಲಿ ಬೆತ್ತದ ತುದಿಯಿಂದ ಒಳಗಿಳಿದದ್ದು, ಆದ್ದರಿಂದ ಇಂದಿಗೂ ಅಟೆನ್ಶನ್ನಿನಲ್ಲೇ ನಿಂತಿರುತ್ತದೆ. ಅವರು ನನ್ನನ್ನು "ಲಾವ್‌ಶೀ" ಎಂದು ಕರೆಯತೊಡಗಿದರು. ಅವರ ಭಾಷೆಯಲ್ಲಿ ಮೇಷ್ಟ್ರು ಎಂದರ್ಥವಂತೆ. ಜೀವಮಾನವಿಡೀ ಯಾರಿಗೂ ಏನನ್ನೂ ಕಲಿಸದ ನಾನು ಈ ಪದವಿಯನ್ನು ಕಿಂಚಿತ್ತೂ ಸಂಕೋಚವಿಲ್ಲದೆ ಸ್ವೀಕರಿಸಿದೆ.

ಚೀನಾದಲ್ಲಿ ಅವರು ಆಪರೇಶನ್ ಥಿಯೇಟರಿನ ನರ್ಸು. ಇಲ್ಲಿ ಆ ಕೆಲಸಕ್ಕೆ ಲೈಸೆನ್ಸು ಬೇಕು, ಲೈಸೆನ್ಸಿಗೆ ಇಂಗ್ಲಿಷ್ ಪರೀಕ್ಷೆಯಲ್ಲಿ ಇಂತಿಷ್ಟು ಅಂಕ ಬೇಕು. ಕಂಪ್ಯೂಟರಿನ ಮುಂದೆ ಕೂತು, ಪ್ರತಿ ಪ್ರಶ್ನೆಗೂ ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಒತ್ತುವ ಪರೀಕ್ಷೆ. ಹಿಮನದಿ ಹೇಗೆ ಸರಿಯುತ್ತದೆ, ಜೇನುಹುಳ ಯಾಕೆ ಕುಣಿಯುತ್ತದೆ ಎಂಬಂಥ ಪ್ರಶ್ನೆಗಳು. ರೋಗಿಗೆ ಎಲ್ಲಿ ನೋಯುತ್ತದೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಎರಡು ಸಲ ಸ್ವಲ್ಪದರಲ್ಲೇ ತಪ್ಪಿತ್ತು. ಲೈಸೆನ್ಸಿನ ಅರ್ಜಿಯ ಅವಧಿ ಮುಗಿಯುತ್ತ ಬಂದಿತ್ತು. ಈ ಸಲವೂ ಆಗದಿದ್ದರೆ ಊರಿಗೆ ಮರಳಿ ತಮ್ಮನ ಮನೆಯಲ್ಲಿರುವುದು ಎಂದು ನಿಶ್ಚಯಿಸಿದ್ದರು. "ಅಲ್ಲಿ ನಾನು ಬರೀ ಅಕ್ಕ. ನರ್ಸ್ ಅಲ್ಲ," ಎಂದಿದ್ದರು, ದಿಂಬಿನ ಕವರು ಮಡಿಸುತ್ತ. ಆ ಮಡಿಕೆಗಳಾದರೋ ಅಳತೆಪಟ್ಟಿ ಇಟ್ಟ ಹಾಗೆ…

ಹೀಗೆ ಲಾಂಡ್ರಿ ರೂಮಿನಲ್ಲಿ ನಮ್ಮ ಗುರುಕುಲ ನಡೆಯಿತು. ಮೂರು ಉತ್ತರ ಉದ್ದವಾಗಿದ್ದು ಒಂದು ಗಿಡ್ಡವಾಗಿದ್ದರೆ ಗಿಡ್ಡದ್ದನ್ನು ಒತ್ತು, ಮೂರು ಗಿಡ್ಡವಿದ್ದರೆ ಉದ್ದದ್ದನ್ನು ಒತ್ತು ಎಂಬ ತಮ್ಮ ಶಾಲಾದಿನಗಳ ಶಾಸ್ತ್ರವನ್ನು ಅವರು ನನಗೆ ಉಪದೇಶಿಸಿದರು. ಪ್ರತಿಯಾಗಿ ನಾನು ಇಂಕಿ ಪಿಂಕಿ ಪಾಂಕಿಯನ್ನು ಸೋದಾಹರಣವಾಗಿ ವಿವರಿಸಿದೆ. ಅವರು ಕೊಟ್ಟ ಸಿಪ್ಪೆಯಿಂದ ಗೊಜ್ಜು ಮಾಡಿ ಒಂದು ಡಬ್ಬಿಯಲ್ಲಿ ಕೊಟ್ಟಾಗ, ಚಮಚದ ತುದಿಯಲ್ಲಿ ನೆಕ್ಕಿ ಕಣ್ಣು ಮುಚ್ಚಿದರು.

"ದಿನಕ್ಕೆ ಎಷ್ಟು ಸಲ ತಗೋಬೇಕು?"

"ಔಷಧಿ ಅಲ್ಲ ಇದು. ಊಟಕ್ಕೆ."

"ಅಯ್ಯೋ," ಎಂದರು. ನಗು ತಡೆಯಲು ಡ್ರೈಯರಿನ ಕಡೆ ತಿರುಗಿದರು.

ಅವರ ಈ ಫೇಲಾಗುವ ಕಾಯಿಲೆಯ ಮೂಲ ನನಗೆ ಸಿಕ್ಕಿದ್ದು ಅಕಸ್ಮಾತ್ತಾಗಿ. ಅವರು ಮನೆಯಲ್ಲಿ ಮಾಡಿಕೊಂಡು ಬಂದ ಅಭ್ಯಾಸ ಪ್ರಶ್ನೆಗಳನ್ನು ನೋಡುತ್ತಿದ್ದೆ. ತಪ್ಪಾದ ಕಡೆಯಲ್ಲೆಲ್ಲ ಸರಿಯುತ್ತರ ನಾಲ್ಕನೆಯದೇ ಆಗಿತ್ತು. ಪೂರ್ತಿ ಖಚಿತವಿದ್ದಾಗ ನಾಲ್ಕನೆಯದನ್ನು ಗುರುತಿಸುತ್ತಿದ್ದರು. ಒಂದಿಷ್ಟು ಅನುಮಾನ ಬಂತೋ, ಅದನ್ನು ಬಿಟ್ಟು ಉಳಿದ ಮೂರರಲ್ಲಿ ಯಾವುದನ್ನಾದರೂ. ಯಾಕೆಂದು ಕೇಳಿದೆ. ಬಹಳ ಹೊತ್ತು ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದರು.

"ನಮ್ಮ ಆಸ್ಪತ್ರೇಲಿ ನಾಲ್ಕನೇ ಹಾಸಿಗೆ ಇರಲಿಲ್ಲ," ಎಂದರು ಕೊನೆಗೆ. ಮೂರಾದ ಮೇಲೆ ಐದು. ಲಿಫ್ಟಿನಲ್ಲೂ ನಾಲ್ಕನೆಯ ಮಹಡಿಯ ಗುಂಡಿ ಇರಲಿಲ್ಲ. ಅವರ ಭಾಷೆಯಲ್ಲಿ ನಾಲ್ಕು ಎಂಬ ಪದಕ್ಕೂ ಸಾವು ಎಂಬ ಪದಕ್ಕೂ ಹೆಚ್ಚುಕಡಿಮೆ ಒಂದೇ ಉಚ್ಚಾರ; ಕಾಯಿಲೆಯವರ ಹತ್ತಿರ ಅದನ್ನು ಬಾಯಲ್ಲಿ ಆಡುವುದೂ ಇಲ್ಲ. ಅಷ್ಟು ವರ್ಷ ಆಪರೇಶನ್ನಿಗೆ ಹೋಗುವವರ ತಳ್ಳುಮಂಚ ಹಿಡಿದವರು ಅವರು. "ಇದು ಮೂಢನಂಬಿಕೆ ಅಂತ ನಂಗೊತ್ತು, ಲಾವ್‌ಶೀ. ಕೈಗೆ ಗೊತ್ತಿಲ್ಲ."

ನಾನು ಗಂಟಲು ಸರಿಮಾಡಿಕೊಂಡೆ. ವೈಚಾರಿಕತೆ, ವಿಜ್ಞಾನ, ಸಂಖ್ಯೆಗಳ ನಿಷ್ಪಕ್ಷಪಾತ ಇತ್ಯಾದಿಗಳ ಮೇಲೆ ಒಂದು ಭಾಷಣ ತುಟಿಯವರೆಗೆ ಬಂದಿತ್ತು. ಆದರೆ ಅದೇ ವಾರ ಇನ್ನೊಂದು ಸಂಗತಿ ನಡೆದಿತ್ತು. ಪರೀಕ್ಷೆಗೆ ಅವರು ಸೋಮವಾರ ಬೆಳಿಗ್ಗೆ ಎಂಟು ಗಂಟೆ ಗೊತ್ತು ಮಾಡಲು ಹೊರಟಾಗ, ಬೇಡ, ಮಧ್ಯಾಹ್ನ ಇಟ್ಟುಕೊಳ್ಳಿ, ಟ್ರಾಫಿಕ್ಕು ಕಡಿಮೆ ಎಂದಿದ್ದೆ. ಟ್ರಾಫಿಕ್ಕಿಗೂ ಅದಕ್ಕೂ ಸಂಬಂಧವಿರಲಿಲ್ಲ. ಸೋಮವಾರ ಬೆಳಿಗ್ಗೆ ರಾಹುಕಾಲ. ನಮ್ಮ ರಾಹು ಇಷ್ಟು ಸಮುದ್ರ ದಾಟಿ, ವೀಸಾ ಪಡೆದು, ಸ್ಯಾನ್ ಹೋಸೆಯ ಗಡಿಯಾರಕ್ಕೆ ಹೊಂದಿಕೊಂಡು ಬರುತ್ತಾನೆಯೇ ಎಂಬುದನ್ನು ನಾನು ಎಂದೂ ವಿಚಾರಿಸಿದವನಲ್ಲ. ಭಾಷಣ ನುಂಗಿಕೊಂಡು ರಾಹುವಿನ ವಿಷಯ ಹೇಳಿದೆ.

"ಯಾವ ಗ್ರಹ ಅದು?"

"ಗ್ರಹ ಅಂತಾರೆ. ನಿಜವಾಗಿ ಬರೀ ನೆರಳು."

ಅವರು ಗಂಭೀರವಾಗಿ ತಲೆಯಾಡಿಸಿದರು. "ಹಾಗಾದ್ರೆ ಇನ್ನೂ ಹುಷಾರಾಗಿರಬೇಕು," ಎಂದರು.

ಭಯವನ್ನು ತರ್ಕದಿಂದ ಓಡಿಸುವುದು ನಮ್ಮಿಬ್ಬರಿಂದಲೂ ಆಗದ ಕೆಲಸ ಎಂದು ಹೀಗೆ ಇತ್ಯರ್ಥವಾಯಿತು. ಅದನ್ನು ಹೊರಹಾಕಲು ಬೇರೊಂದು ನಂಬಿಕೆಯನ್ನೇ ಒಳಗೆ ಬಿಡಬೇಕು. ನಮ್ಮ ಕಡೆ ನಾಲ್ಕಕ್ಕೆ ಇರುವ ಮರ್ಯಾದೆ ಹೇಳಿದೆ. ಮಕ್ಕಳನ್ನು ಶಾಲೆಗೆ ಕಳಿಸುವಾಗ ನಾಲ್ಕಕ್ಷರ ಕಲಿತು ಬಾ ಎನ್ನುತ್ತೇವೆ. ಬುದ್ಧಿವಾದ ಎಂದರೆ ನಾಲ್ಕು ಮಾತು. ಬದುಕಿದರೆ ನಾಲ್ಕು ಜನ ಮೆಚ್ಚುವ ಹಾಗೆ ಬದುಕಬೇಕು. ಕಷ್ಟ ಬಂದರೆ ನಾಲ್ಕು ಜನ ಆಗುತ್ತಾರೆ. ಕೊನೆಗೆ ಹೊರುವುದಕ್ಕೂ ನಾಲ್ಕೇ ಜನ ಬೇಕು… ಆದರೆ ಈ ಕೊನೆಯದನ್ನು, ಪಾಠದ ಹಿತದೃಷ್ಟಿಯಿಂದ, ನನ್ನಲ್ಲೇ ಉಳಿಸಿಕೊಂಡೆ.

ಅವರು ಯೋಚಿಸಿದರು. "ನಾಲ್ಕು ಜನ ಅಂದ್ರೆ ನಿಮ್ಮಲ್ಲಿ ನಿಜವಾಗಿ ಎಷ್ಟು ಜನ?"

"ಯಾರೂ ಎಣಿಸಿಲ್ಲ. ಸಾಕಾಗುವಷ್ಟು."

ಅವರು ಲಾಂಡ್ರಿ ರೂಮನ್ನು ಒಮ್ಮೆ ಸುತ್ತ ನೋಡಿದರು. ನಾನು, ಅವರು, ತಿರುಗುತ್ತಿದ್ದ ಮೆಶಿನು. "ಇಲ್ಲಿ ಇಬ್ಬರೇ," ಎಂದರು. ಅದರಲ್ಲಿ ದೂರೇನೂ ಇರಲಿಲ್ಲ. ಹಾಸಿಗೆ ಪಕ್ಕದ ಚೀಟಿಯಲ್ಲಿ ಜ್ವರ ಬರೆದುಕೊಳ್ಳುವ ದನಿ ಅದು.

ಅಂದಿನಿಂದ ಅನುಮಾನ ಬಂದ ಕಡೆಯಲ್ಲೆಲ್ಲ ನಾಲ್ಕನೆಯ ಉತ್ತರವನ್ನೇ ಮೊದಲು ಓದಬೇಕೆಂದು ಕಟ್ಟಳೆ ಮಾಡಿದೆವು. ಓದುವ ಮೊದಲು ಅವರು "ನಾಲ್ಕು ಜನ" ಎಂದು ಕನ್ನಡದಲ್ಲೇ ಹೇಳಬೇಕು. ಅವರ ಬಾಯಲ್ಲಿ ಅದು ಬೇರೆ ಯಾವುದೋ ಊರಿನ ಮಂತ್ರದಂತೆ ಕೇಳುತ್ತಿತ್ತು. ಡ್ರೈಯರು ಬಿಸಿಯಾಗುತ್ತಿದ್ದಂತೆ, ಸಿಪ್ಪೆಗಳು ಮುರುಟಿಕೊಳ್ಳುತ್ತಿದ್ದಂತೆ, ನಾಲ್ಕು ಜನ, ನಾಲ್ಕು ಜನ…

ಪರೀಕ್ಷೆಯ ಕೇಂದ್ರ ಸ್ಯಾನ್ ಮಟಿಯೋದಲ್ಲಿತ್ತು. ನಾನೇ ಕರೆದುಕೊಂಡು ಹೋಗುತ್ತೇನೆಂದೆ. ಅದೇ ಊರಿನಲ್ಲಿರುವ ಮಗಳಿಗೆ ಫೋನಿನಲ್ಲಿ ತಿಳಿಸಿದೆ.

"ಯಾರಪ್ಪಾ ಅದು, ಗರ್ಲ್‌ಫ್ರೆಂಡಾ?"

"ಶಿಷ್ಯೆ."

"ಸರಿ ಗುರುಗಳೇ. ದಯವಿಟ್ಟು ಫ್ರೀವೇಲಿ ಹೋಗಿ. ನಿಮ್ಮ ಗಲ್ಲಿ ರಸ್ತೆ ಹಿಡ್ಕೊಂಡ್ ಹೋದ್ರೆ ಅವ್ರು ತಲುಪೋಷ್ಟರಲ್ಲಿ ರಿಸಲ್ಟೇ ಬಂದಿರತ್ತೆ."

ಕೇಂದ್ರದ ಒಳಗೆ ಹೋಗುವ ಮುಂಚೆ ನನ್ನ ಶಿಷ್ಯೆ ಕೈ ತೊಳೆದು ಬಂದರು, ಮೊಣಕೈವರೆಗೂ. ಥಿಯೇಟರಿಗೆ ಹೋಗುವ ಅಭ್ಯಾಸ. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಹೀಗೆ ಕೂತಿದ್ದೆ. ಆಮೇಲೆ ಯಾರಿಗಾಗಿಯೂ ಎಲ್ಲಿಯೂ ಕೂರುವ ಪ್ರಮೇಯ ಬಂದಿರಲಿಲ್ಲ. ಒಳಗೊಬ್ಬರು ಇದ್ದಾರೆ, ಅವರು ಹೊರಗೆ ಬರುತ್ತಾರೆ, ಬಂದಾಗ ನನ್ನನ್ನು ಹುಡುಕುತ್ತಾರೆ. ಅದು ಎಷ್ಟು ದೊಡ್ಡ ಉದ್ಯೋಗ ಎಂಬುದು ನನಗೆ ಮರೆತೇಹೋಗಿತ್ತು.

ಹೊರಬಂದಾಗ ಅವರ ಮುಖದಲ್ಲಿ ಏನೂ ಇರಲಿಲ್ಲ.

"ಬಹಳ ಸಲ ಒತ್ತಿದೆ. ನಾಲ್ಕು," ಎಂದರು. "ಸರಿಯೋ ತಪ್ಪೋ ಗೊತ್ತಿಲ್ಲ. ಯಾರೂ ಸಾಯಲಿಲ್ಲ."

ಆಮೇಲೊಂದು ಸಂಜೆ ನನ್ನ ಬಾಗಿಲು ತಟ್ಟಿದರು. ಅವರು ನನ್ನ ಮನೆಯವರೆಗೆ ಬಂದದ್ದು ಅದೇ ಮೊದಲು, ಅದೂ ಭಾನುವಾರವಲ್ಲದ ದಿನ. ಫೋನನ್ನು ನನ್ನ ಮುಖಕ್ಕೆ ಹಿಡಿದರು. ಕನ್ನಡಕವಿಲ್ಲದೆ ನನಗೆ ಏನೂ ಕಾಣಲಿಲ್ಲ; ಅವರೇ ಓದಿ ಹೇಳಿದರು. ಬೇಕಾದದ್ದಕ್ಕಿಂತ ಹೆಚ್ಚೇ ಅಂಕ ಬಂದಿತ್ತು. ನಾನು ಒಳಗೆ ಕರೆದು ಕೂರಿಸಿ, ವಿಶ್ವವಿದ್ಯಾಲಯದ ಕುಲಪತಿಯ ಠೀವಿಯಲ್ಲಿ, ಅವರಿಗೆ ಒಂದು ಲೋಟ ಕಾಫಿ ಪ್ರದಾನ ಮಾಡಿದೆ. ಅವರು ಕಾಫಿ ಕುಡಿಯುವವರಲ್ಲ. ಅಂದು ತಳದವರೆಗೂ ಕುಡಿದರು. ಕುಡಿಯುತ್ತಲೇ ಅಳತೊಡಗಿದರು. ನಾನು ಕಿಟಕಿಯ ಹೊರಗಿದ್ದ ಪಾರ್ಕಿಂಗ್ ಜಾಗವನ್ನು ಅತ್ಯಂತ ಆಸಕ್ತಿಯಿಂದ ನೋಡುತ್ತಿದ್ದೆ.

ಫ್ರೆಸ್ನೊ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಎದುರು ಮನೆಯ ಅಜ್ಜಿಯನ್ನು ಅವರ ಮಗ ತನ್ನ ಮನೆಗೆ ಕರೆದೊಯ್ದ. ಮೇಷ್ಟ್ರುಗಳ ಹಣೆಬರಹವೇ ಇದು: ಪಾಠ ಫಲಿಸದಿದ್ದರೆ ಶಿಷ್ಯರು ಉಳಿಯುತ್ತಾರೆ, ಫಲಿಸಿದರೆ ಹೊರಡುತ್ತಾರೆ. ಹೊರಡುವ ದಿನ ಸೂಟ್‌ಕೇಸು ಇಳಿಸಲು ಹೋದೆ. ಅವರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ನನ್ನ ಬೆನ್ನಿನ ವಯಸ್ಸಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಇಡೀ ವಾಕ್ಯ ಹೇಳಿದರು, ಎಲ್ಲೂ ತಡವರಿಸದೆ. ಕಾರು ತಿರುವು ದಾಟುವವರೆಗೂ ಆ ವಾಕ್ಯದ ಮೇಲಿನ ಹೆಮ್ಮೆಯೇ ನನ್ನನ್ನು ನಿಲ್ಲಿಸಿತ್ತು. ಆಮೇಲೆ…

ಮೊದಮೊದಲು ಭಾನುವಾರ ಫೋನು ಬರುತ್ತಿತ್ತು. ಪಾಳಿ ಬದಲಾಯಿತು. ಫೋನು ಹೋಗಿ ಹಬ್ಬಕ್ಕೊಂದು ಮೆಸೇಜಾಯಿತು. ಒಂದು ವರ್ಷ ನಾನು ಕಳಿಸಿದ ಯುಗಾದಿಯ ಶುಭಾಶಯಕ್ಕೆ, ಈಗ ಆ ನಂಬರು ಪಡೆದಿದ್ದ ಬೇರೆ ಯಾರೋ ಉತ್ತರಿಸಿ, ತಾವು ಯಾರೆಂದು ವಿನಯದಿಂದ ವಿಚಾರಿಸಿದರು. ಇದರಲ್ಲಿ ಯಾರ ತಪ್ಪೂ ಇಲ್ಲ. ಮನುಷ್ಯರು ಕಳೆದುಹೋಗಲು ತಪ್ಪೇ ಆಗಬೇಕೆಂದಿಲ್ಲ.

ಕಳೆದ ವಾರ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋಗಿದ್ದೆ. ಮಗಳು ಪಾರ್ಕಿಂಗ್ ಹುಡುಕಲು ಹೋಗಿದ್ದಳು. ನೀಲಿ ಉಡುಪಿನ ಎಳೆಯ ನರ್ಸೊಬ್ಬಳು ಕಂಪ್ಯೂಟರಿನ ಮುಂದೆ ಕೂತು ಒಂದೊಂದಾಗಿ ಪ್ರಶ್ನೆ ಕೇಳಿ ತುಂಬಿಸಿಕೊಳ್ಳುತ್ತಿದ್ದಳು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಲ್ಲು ಸ್ವಂತದ್ದೋ. ಮನೆಯಲ್ಲಿ ಯಾರಿದ್ದಾರೆ ಎಂದಳು. ನಾನೇ ಎಂದೆ. ಮಗಳು ಇಂದು ಜೊತೆಗಿರುತ್ತಾಳೆ, ನಾಳೆ ಹೋಗುತ್ತಾಳೆ.

"ಅಕ್ಕಪಕ್ಕದಲ್ಲಿ ಯಾರೂ ಇಲ್ವಾ? ಅರ್ಜೆಂಟಾದ್ರೆ ಬರೋ ಅಂಥವರು?"

"ಒಬ್ಬರಿದ್ದಾರೆ. ನಿಮ್ಮ ಹಾಗೇ ನರ್ಸು," ಎಂದೆ. "ಬಹಳ ಒಳ್ಳೆಯವರು. ಈ ಹೊತ್ತಲ್ಲಿ ಇನ್ಯಾರದೋ ಹಾಸಿಗೆ ಪಕ್ಕ ನಿಂತಿರ್ತಾರೆ."

"ಅವರ ನಂಬರ್ ಕೊಡ್ತೀರಾ?"

ನಾನು ಫೋನು ತೆಗೆದು, ಇನ್ಯಾರದೋ ಆಗಿಹೋದ ಆ ನಂಬರನ್ನು ನೋಡಿ, ಮತ್ತೆ ಜೇಬಿಗಿಟ್ಟೆ. ಅವಳು ಆ ಜಾಗವನ್ನು ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಹೋದಳು.