ರೊಟ್ಟಿ ಬುಟ್ಟಿಯ ರತ್ನವ್ವ

ಮತ್ತಿಕೆರೆಯಲ್ಲಿ ಆಗ ಇನ್ನೂ ಎಮ್ಮೆಗಳು ರಸ್ತೆಗೆ ಅಡ್ಡ ಮಲಗುತ್ತಿದ್ದವು. ಬಸ್ಸಿನ ಕಂಡಕ್ಟರೇ ಇಳಿದು ಎಬ್ಬಿಸಬೇಕಿತ್ತು. ಎಪ್ಪತ್ತೊಂಬತ್ತನೆಯ ಇಸವಿ. ಆ ಊರಿನಲ್ಲಿ ಪ್ರತಿ ಭಾನುವಾರ ಒಂದು ಯುದ್ಧ ನಡೆಯುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಯುದ್ಧ ನಡೆಯುತ್ತಿದ್ದದ್ದು ಚಿಕ್ಕಬೈರಪ್ಪನವರ ಮಹಡಿಯಲ್ಲಿ, ಒಂದು ದೊಡ್ಡ ಮೇಜಿನ ಮೇಲೆ. ಸೈನಿಕರೆಲ್ಲ ಹೆಬ್ಬೆರಳಿನಷ್ಟು ಎತ್ತರದವರು.

ಚಿಕ್ಕಬೈರಪ್ಪ ಊರಿನ ಹಳೆಯ ಒಕ್ಕಲು ಮನೆತನದವರು. ಹೊಲವಿದ್ದಲ್ಲಿ ವಠಾರ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಮಹಡಿಯಲ್ಲಿ ಬಾಡಿಗೆಗಿದ್ದ ಮುದಿ ಇಂಗ್ಲಿಷ್ ಮೇಜರನೊಬ್ಬ ತನ್ನ ಸೀಮೆಗೆ ಹೊರಟಾಗ ಆ ಮೇಜನ್ನೂ, ಅರವತ್ತು ಸೀಸದ ಕೆಂಪಂಗಿ ಸಿಪಾಯಿಗಳನ್ನೂ, ಆಟದ ನಿಯಮದ ಪುಸ್ತಕವನ್ನೂ ಬಿಟ್ಟು ಹೋಗಿದ್ದ. ಪಟ್ಟಿ ಹಿಡಿದು ಅಳೆದು ಸಿಪಾಯಿಗಳನ್ನು ನಡೆಸಬೇಕು. ಹತ್ತಿರ ಬಂದರೆ ದಾಳ ಉರುಳಿಸಬೇಕು. ದಾಳ ಹೇಳಿದವನು ಸಾಯಬೇಕು. ಇಷ್ಟೇ ಆಟ. ಪುಸ್ತಕದ ಇಂಗ್ಲಿಷ್ ಓದಿ ತೀರ್ಪು ಹೇಳಲು ಯಶವಂತಪುರದ ಮರದ ಡಿಪೋದ ಗುಮಾಸ್ತ ಅತಾವುಲ್ಲಾ ಬರುತ್ತಿದ್ದ.

ಶಿವಶರಣಪ್ಪ ಆ ಮಹಡಿ ಹತ್ತಿದ್ದು ಮೇಜಿನ ಕಾಲು ಸರಿಮಾಡಲು. ಬಾಗಲಕೋಟೆ ಕಡೆಯವನು, ಎರಕದ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸ, ಚಿಕ್ಕಬೈರಪ್ಪನವರದೇ ವಠಾರದಲ್ಲಿ ಮನೆ. ಹದಿನಾಲ್ಕು ವರ್ಷ ಮೇಸ್ತ್ರಿಯ ಬೈಗುಳ ತಿಂದೂ ತಲೆ ಎತ್ತದ ಮನುಷ್ಯ. ಮೇಜಿನ ಕೆಳಗಿಂದ ಎದ್ದವನು ಕೆಂಪಂಗಿಗಳನ್ನು ನೋಡುತ್ತ ನಿಂತುಬಿಟ್ಟ.

"ಗೌಡ್ರ, ಇವರ ಮುಂದ ನಿಂದ್ರಾಕ ಯಾರೂ ಇಲ್ಲೇನ್ರಿ?"

"ನಿಂಗೆ ಧೈರ್ಯ ಇದ್ರೆ ನೀನೇ ಒಂದು ಸೈನ್ಯ ತಗಂಬಾ," ಎಂದರು ಚಿಕ್ಕಬೈರಪ್ಪ.

ತಂದ. ಅವನ ಊರಿನ ಗುಡ್ಡದ ಮೇಲೊಂದು ಹಾಳು ಕೋಟೆ ಇತ್ತು. ಹಿಂದೊಮ್ಮೆ ಕುದುರೆ ದಂಡು ಬಂದಾಗ ಊರವರೇ ಕವಣೆ ಬೀಸಿ ಕಾದಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ಆ ಗುಡ್ಡವನ್ನೂ ಕೋಟೆಯನ್ನೂ ಅದರ ಪಡೆಯನ್ನೂ ಅವನು ಕೆರೆಯ ಜೇಡಿಮಣ್ಣಿನಲ್ಲಿ ಮಾಡಿದ. ಕವಣೆಯವರು, ಕಂಬಳಿ ಹೊದ್ದ ಕುರಿಗಾಹಿಗಳು, ಕೊಡಲಿಯವರು, ಡೊಳ್ಳಿನವನೊಬ್ಬ. ಬಂದೂಕಿಲ್ಲ, ಕುದುರೆಯಿಲ್ಲ.

"ಏನ್ ಶಿವಶರಣಪ್ಪ, ಯುದ್ಧಕ್ಕೆ ಮುದ್ದೆ ಕಟ್ಕೊಂಡ್ ಬಂದಿದ್ದೀಯಾ?" ಎಂದು ಚಿಕ್ಕಬೈರಪ್ಪ ಡೊಳ್ಳಿನವನನ್ನು ಎತ್ತಿ ತಮ್ಮ ಕಾಫಿಯಲ್ಲಿ ಅದ್ದಿದರು. ಅವನು ಕರಗಿ ತಳಕ್ಕೆ ಇಳಿದ. "ನೋಡ್ಲಾ ಅತಾವುಲ್ಲಾ, ಇವನ ದಂಡು ಇಂಗೆ ಕಾಫಿಗೇ ಸತ್ತೋಯ್ತದೆ!"

ಅತಾವುಲ್ಲಾ ನಕ್ಕ. ಶಿವಶರಣಪ್ಪನೂ ನಕ್ಕ. ಮನೆಗೆ ಹೋದವನು ಆ ದಿನ ಉಣ್ಣಲಿಲ್ಲ.

ಹಳೆ ಸಾಮಾನಿನ ಅಂಗಡಿಯಿಂದ ಸೀಸ ತಂದ. ಗಾರೆಯಲ್ಲಿ ಎರಡು ಹೋಳಿನ ಅಚ್ಚು ಮಾಡಿದ. ಒಂದೇ ಅಚ್ಚಿನಿಂದ ಎಷ್ಟು ಬೇಕಾದರೂ ಕವಣೆಯವರನ್ನು ಎರೆಯಬಹುದು. ಸಾಲಾಗಿ ನಿಂತ ಪಡೆಯನ್ನು ಅವನ ಹೆಂಡತಿ ಕಾಶವ್ವ ನೋಡಿದಳು.

"ಹೊಟ್ಟಿಗಿಲ್ಲದ ಕಾದಾಡ್ತಾರೇನ್ರಿ ಇವರು? ರೊಟ್ಟಿ ತರಾಕಿ ಯಾರು?"

"ದಂಡಿನಾಗ ಹೆಂಗಸಿಗೇನು ಕೆಲಸ?"

"ಹಂಗಾರ ನಾಳಿಂದ ಬುತ್ತಿ ಕಟ್ಟೂದಿಲ್ಲ ತಗೋರಿ, ಗಂಡಸರೇ ಕಾರ್ಖಾನಿ ನಡಸ್ರಿ!" ಎಂದವಳೇ ಅವನ ಕೈಯಿಂದ ಜೇನುಮೇಣದ ಉಂಡೆ ಕಸಿದು ಕುಳಿತಳು. ಹಿಟ್ಟು ನಾದಿದ ಬೆರಳು. ಸಂಜೆಯೊಳಗೆ ಒಬ್ಬ ಹೆಂಗಸು ಎದ್ದು ನಿಂತಳು: ತಲೆಯ ಮೇಲೆ ರೊಟ್ಟಿ ಬುಟ್ಟಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಎಡಗಾಲು ತುಸು ಕುಂಟು.

ಶಿವಶರಣಪ್ಪ ನೋಡಿದ ಕೂಡಲೇ ಗುರುತಿಸಿದ. ರತ್ನವ್ವ. ತಾಯಿಯಿಲ್ಲದ ಕಾಶವ್ವನನ್ನು ಎತ್ತಿ ಆಡಿಸಿ, ತಾನು ಮದುವೆಯಾಗದೆ ಉಳಿದು, ಹೊಲಕ್ಕೆ ರೊಟ್ಟಿ ಹೊತ್ತೂ ಹೊತ್ತೂ ಒಂದು ದಿನ ಬದುವಿನ ಮೇಲೆಯೇ ಬಿದ್ದು ಸತ್ತ ಅಕ್ಕ. ಅವಳದೊಂದು ಫೋಟೋ ಕೂಡ ಇರಲಿಲ್ಲ.

ಮೇಣದ ಗೊಂಬೆಯ ಸುತ್ತ ಗಾರೆ ಹಚ್ಚಿ, ಕಾಯಿಸಿ ಮೇಣ ಇಳಿಸಿ, ಸೀಸ ಹೊಯ್ದು, ಗಾರೆ ಒಡೆದು ತೆಗೆದ. ಈ ಬಗೆಯ ಎರಕದಲ್ಲಿ ಮೇಣವೂ ಹೋಗುತ್ತದೆ, ಅಚ್ಚೂ ಒಡೆಯುತ್ತದೆ. ಉಳಿಯುವುದು ಒಂದೇ ಒಂದು. ಸೀಸದ ಬೆನ್ನ ಮೇಲೆ ಕಾಶವ್ವನ ಹೆಬ್ಬೆರಳಿನ ಗೆರೆಗಳು ಹಾಗೇ ಮೂಡಿದ್ದವು.

ಕಾಶವ್ವ ಅದಕ್ಕೆ ಕುಂಕುಮ ಹಚ್ಚಿ, ಒಳಗಿನ ಪೂಜೆಯ ಜಗಲಿಯ ಮೇಲೆ ದೇವರ ಪಕ್ಕ ಇಟ್ಟುಬಿಟ್ಟಳು. ಅವರ ಕಡೆ ಮನೆಯಲ್ಲಿ ತೀರಿಕೊಂಡ ಹಿರಿಯರನ್ನು ಹಾಗೆ ಲೋಹದಲ್ಲಿ ಮಾಡಿಸಿ ಪೂಜೆಗೆ ಇಡುವುದುಂಟು. ಒಮ್ಮೆ ಇಟ್ಟರೆ ಮುಗಿಯಿತು, ಆಮೇಲೆ ಅದು ಗೊಂಬೆಯಲ್ಲ.

"ನನಗ ಆಟಕ್ಕ ಬೇಕಲ್ಲ ಆಕಿ?" ಎಂದ ಶಿವಶರಣಪ್ಪ.

ಕಾಶವ್ವ ಗೊಂಬೆಯನ್ನು ಜಗಲಿಯಿಂದ ಎತ್ತಿಕೊಂಡಳು. "ಅಕ್ಕ ಮನ್ಯಾಗ ಸುಮ್ನ ಕುಂತಾಕಿ ಅಲ್ಲ. ಕರಕೊಂಡು ಹೋಗ್ರಿ. ಆದ್ರ ದೀಪ ಹಚ್ಚೂದರೊಳಗ ಮನಿಗೆ ಬರಬೇಕು."

ಅತಾವುಲ್ಲಾ ರತ್ನವ್ವನಿಗಾಗಿಯೇ ಒಂದು ಹೊಸ ನಿಯಮ ಬರೆದ. ಅವಳು ನಿಂತಿರುವ ಜಾಗದಿಂದ ಒಂದು ಗೇಣಿನೊಳಗೆ ಇರುವ ಯಾವ ಸೈನಿಕನೂ ಹೆದರಿ ಓಡುವುದಿಲ್ಲ. ಇನ್ನೊಂದು ನಿಯಮವನ್ನು ಶಿವಶರಣಪ್ಪನೇ ಹೇಳಿದ.

"ಗೌಡ್ರ, ಸತ್ತವರು ಮತ್ತ ಮುಂದಿನ ವಾರ ಎದ್ದು ಬರೂದು ಎಂಥಾ ಯುದ್ಧರಿ? ಸತ್ತವರನ್ನ ಅಲ್ಲೇ ಕರಗಸೂಣು."

ಮೊದಮೊದಲ ವಾರಗಳಲ್ಲಿ ಗೆದ್ದು ಗೆದ್ದು ಉಬ್ಬಿದ್ದ ಚಿಕ್ಕಬೈರಪ್ಪ ತೊಡೆ ತಟ್ಟಿದರು. "ಆಗ್ಲಿ ಕಣಯ್ಯ! ಸೌಟು ತತ್ತಾ!"

ಅವರಿಗೆ ತಿಳಿಯದ ಮಾತೊಂದಿತ್ತು. ಕರಗಿದ ಕವಣೆಯವನನ್ನು ಶಿವಶರಣಪ್ಪ ಸೋಮವಾರವೇ ಮತ್ತೆ ಎರೆಯುತ್ತಿದ್ದ. ಕೆಂಪಂಗಿಗಳನ್ನು ಎರೆಯುವ ಅಚ್ಚು ಮತ್ತಿಕೆರೆಯಲ್ಲಿ ಯಾರ ಬಳಿಯೂ ಇರಲಿಲ್ಲ.

ಪಂಪ್ ಸ್ಟವ್ ಹತ್ತಿತು. ಮೂರು ತಿಂಗಳಲ್ಲಿ ಅರವತ್ತು ಕೆಂಪಂಗಿಗಳು ಇಪ್ಪತ್ತಕ್ಕೆ ಇಳಿದರು. ತಲೆ ಎತ್ತದ ಮನುಷ್ಯ ಆ ಮೇಜಿನ ಮುಂದೆ ತಲೆ ತಗ್ಗಿಸುತ್ತಿರಲಿಲ್ಲ. ಒಂದು ಭಾನುವಾರ ಬಿಳಿ ಕುದುರೆಯ ದಳಪತಿ ಬಿದ್ದ. ಚಿಕ್ಕಬೈರಪ್ಪ ದಿನಾ ಬೆಳಿಗ್ಗೆ ಪಂಚೆಯ ಚುಂಗಿನಿಂದ ಒರೆಸಿ ಇಡುತ್ತಿದ್ದ ಗೊಂಬೆ ಅದು. ಅವರ ದನಿ ಇಳಿಯಿತು.

"ಶಿವಶರಣಪ್ಪನೋರೆ, ಇವನೊಬ್ಬನ್ನ ಬಿಟ್ಬುಡಿ. ಕೈ ಮುಗೀತೀನಿ."

ಏಕವಚನದ ಗೌಡರು ಬಹುವಚನಕ್ಕೆ ಬಂದಿದ್ದರು, ನಿಜವಾಗಿಯೂ ಕೈ ಮುಗಿದಿದ್ದರು. ಶಿವಶರಣಪ್ಪ ದಳಪತಿಯನ್ನು ಕುದುರೆ ಸಮೇತ ಸೌಟಿಗೆ ಹಾಕಿದ. "ಕಾಫ್ಯಾಗಿಂದ ಯಾರಾರ ಎದ್ದು ಬಂದಾರೇನ್ರಿ ಗೌಡ್ರ?" ಎಂದ. ಕರಗಿದ ಸೀಸವನ್ನು ಜೇಬಿನಿಂದ ತೆಗೆದ ಅಚ್ಚಿಗೆ ಅವರ ಕಣ್ಣೆದುರೇ ಹೊಯ್ದು, ಆರಿದ ಮೇಲೆ ತೆರೆದು, ಕವಣೆಯವನೊಬ್ಬನನ್ನು ಮೇಜಿನ ಮೇಲೆ ನಿಲ್ಲಿಸಿದ. ಚಿಕ್ಕಬೈರಪ್ಪ ಆ ಕವಣೆಯವನನ್ನು ನೋಡುತ್ತ ಕುಳಿತರು. ಅವನ ಅಂಗಿಯ ಅಂಚಿಗೆ ಇನ್ನೂ ಒಂದು ಚೂರು ಕೆಂಪು ಬಣ್ಣ ಅಂಟಿತ್ತು.

ಪ್ರತಿ ಭಾನುವಾರ ರತ್ನವ್ವ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು, ದೀಪದ ಹೊತ್ತಿಗೆ ಮರಳುತ್ತಿದ್ದಳು. ಕಾಶವ್ವ ಅವಳ ಕಾಲು ತೊಳೆದು ಜಗಲಿಗೆ ಇಡುತ್ತಿದ್ದಳು. "ದಣದೀ ಏನಬೇ ಅಕ್ಕಾ?" ಎಂದು ಕೇಳುತ್ತಿದ್ದಳು.

ಕರಗಿಸುವ ನಿಯಮ ಬಂದ ಮೇಲಿನ ಹನ್ನೆರಡನೆಯ ಯುದ್ಧಕ್ಕೆ ಚಿಕ್ಕಬೈರಪ್ಪ ಪಾಠ ಕಲಿತು ಬಂದಿದ್ದರು. ಉಳಿದಿದ್ದ ಹತ್ತು ಕುದುರೆಗಳನ್ನು ಗುಡ್ಡದ ಹತ್ತಿರಕ್ಕೇ ಬಿಡಲಿಲ್ಲ. ದೂರ ನಿಂತ ಬಂದೂಕಿನವರು ಕೋಟೆಯ ಗೋಡೆಯ ಮೇಲಿನವರನ್ನು ಒಬ್ಬೊಬ್ಬರಾಗಿ ಕೆಡವಿದರು. ಶಿವಶರಣಪ್ಪನಿಗೆ ಉಳಿದವರು ಆರು ಕವಣೆಯವರು, ಮತ್ತು ರತ್ನವ್ವ.

"ಸಾಕು ಶಿವಶರಣಪ್ಪ, ಸೋಲು ಒಪ್ಕೊಳ್ಳಿ," ಎಂದ ಅತಾವುಲ್ಲಾ. "ಮಿಕ್ಕವರನ್ನ ಕಟ್ಕೊಂಡು ಮನೆಗೆ ಹೋಗಿ. ಒಂದು ಆಟ ತಾನೇ."

ಚಿಕ್ಕಬೈರಪ್ಪ ಮೀಸೆಯಡಿ ನಕ್ಕರು. "ಮುದ್ದೆ ಸೈನ್ಯ ಅಂತ ಅವತ್ತೇ ಹೇಳಿರ್ನಿಲ್ವಾ ನಾನು?"

ಅದೊಂದು ಮಾತು ಆಡದೆ ಇದ್ದಿದ್ದರೆ ಏನಾಗುತ್ತಿತ್ತೋ. ಶಿವಶರಣಪ್ಪ ರತ್ನವ್ವನನ್ನು ಎತ್ತಿ, ಕೋಟೆಯ ಬಾಗಿಲು ದಾಟಿಸಿ, ಬಯಲಿನ ನಡುವೆ ಒಬ್ಬಳನ್ನೇ ನಿಲ್ಲಿಸಿದ.

"ಅರೆ, ಏನಿದು?" ಎಂದ ಅತಾವುಲ್ಲಾ.

"ರೊಟ್ಟಿ ಕೊಡಾಕ ಹೊಂಟಾಳ."

ಚಿಕ್ಕಬೈರಪ್ಪನವರ ಕಣ್ಣುಗಳು ಅಗಲವಾದವು. ಅವಳು ಬಿದ್ದರೆ ಗುಡ್ಡದ ಪಡೆ ಹೆದರಿ ಓಡೀತು. ಅವರು ಹತ್ತು ಕುದುರೆಗಳನ್ನೂ ಒಮ್ಮೆಗೇ ಬಿಟ್ಟರು. ಪಟ್ಟಿ ಹಿಡಿದು ಎರಡೆರಡು ಸಲ ಅಳೆದರು. ಎರಡು ದಾಳದಲ್ಲಿ ಒಂದಾದರೂ ಆರು ಬಿದ್ದರೆ ಅವಳು ಸಾಯುತ್ತಾಳೆ. ಶಿವಶರಣಪ್ಪ ಇದನ್ನು ಎಣಿಸಿಯೇ ಇಟ್ಟಿದ್ದ. ಆರು ಬೀಳಲಿಕ್ಕಿಲ್ಲ ಎಂದುಕೊಂಡಿದ್ದ. ಬಿದ್ದರೂ ಕುದುರೆಗಳು ಕವಣೆಯ ಕೆಳಗೇ ಬಂದಿರುತ್ತವೆ ಎಂಬುದನ್ನೂ ಎಣಿಸಿದ್ದ.

ಒಂದು ದಾಳ ಎರಡು ತೋರಿಸಿತು. ಇನ್ನೊಂದು ಉರುಳಿ, ಅವಳ ಕಾಲ ಬಳಿಯೇ ನಿಂತಿತು. ಆರು.

ಕವಣೆಯವರು ಅವಳಿಂದ ಗೇಣಿಗಿಂತ ದೂರದಲ್ಲಿದ್ದರು. ಓಡುತ್ತಾರೋ ಇಲ್ಲವೋ ದಾಳವೇ ಹೇಳಬೇಕಿತ್ತು. ದಾಳ ನಿಲ್ಲಿ ಎಂದಿತು. ಆಮೇಲೆ ಗುಡ್ಡದ ಮೇಲಿಂದ ಕಲ್ಲು ಸುರಿಯಿತು. ಹತ್ತು ಕುದುರೆಗಳೂ ಮಲಗಿದವು. ಪುಸ್ತಕದ ನಿಯಮದಂತೆ ಕುದುರೆ ಹೋದರೆ ಆಟ ಹೋಯಿತು. ಶಿವಶರಣಪ್ಪ ಹನ್ನೆರಡನೆಯ ಸಲ ಗೆದ್ದಿದ್ದ.

ಅತಾವುಲ್ಲಾ ಸತ್ತವರನ್ನು ಆರಿಸುತ್ತ ಬಂದ. ರತ್ನವ್ವನ ಬಳಿ ಬಂದಾಗ ಅವಳನ್ನು ಮೆಲ್ಲಗೆ ಕರವಸ್ತ್ರದ ಮೇಲಿಟ್ಟ. "ಇವರು ಸಿಪಾಯಿ ಅಲ್ಲ. ಹಣೆಗೆ ಕುಂಕುಮ ಇದೆ ನೋಡಿ. ಇದು ಆಟದ ಸಾಮಾನಲ್ಲ ಸಾಬ್, ಮನೆಗೆ ಕಳಿಸ್ಬಿಡಿ."

ಚಿಕ್ಕಬೈರಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚಿದರು. ಎಲೆ ಅಡಿಕೆ ಹಾಕಿಕೊಂಡರು.

"ತಗಂಡೋಗ್ಲಿ. ನಾನೇನ್ ಬ್ಯಾಡ ಅಂದ್ನಾ? ಅವತ್ತು ನಾನು ಅಂದಂಗೆ ಒಂದು ಮಾತು ಅನ್ಲಿ. ಬಿಟ್ಬುಡಿ, ಕೈ ಮುಗೀತೀನಿ. ಅಷ್ಟೇಯ."

ಮಹಡಿಯ ಕಿಟಕಿಯಿಂದ ವಠಾರ ಕಾಣುತ್ತಿತ್ತು. ಕಾಶವ್ವ ಹೊಸ್ತಿಲಿನ ಹತ್ತಿರ ಕುಳಿತು ಬತ್ತಿ ಹೊಸೆಯುತ್ತಿದ್ದಳು.

ಮೇಸ್ತ್ರಿಯ ಮುಂದೆ ಹದಿನಾಲ್ಕು ವರ್ಷ ದಿನಕ್ಕೆ ಹತ್ತು ಸಲ ಮುಗಿದ ಕೈ ಅದು. ಆ ದಿನ ಏಳಲಿಲ್ಲ. "ಗೆದ್ದವ ಯಾಕ ಮುಗೀಬೇಕ್ರಿ?" ಎಂದ ಶಿವಶರಣಪ್ಪ, ಮತ್ತು ಸ್ಟವ್‌ಗೆ ತಾನೇ ಪಂಪು ಹೊಡೆದ.

"ಏಯ್, ಬ್ಯಾಡ ಕಣಯ್ಯ! ತಮಾಷೆಗೆ ಅಂದೆ!" ಎಂದು ಚಿಕ್ಕಬೈರಪ್ಪ ಎದ್ದರು. ಅಷ್ಟರಲ್ಲಿ ಕುಂಕುಮ ಕಪ್ಪಾಗಿತ್ತು. ಮೊದಲು ಬುಟ್ಟಿ ವಾಲಿತು. ಬೆನ್ನಿನ ಮೇಲಿನ ಹೆಬ್ಬೆರಳ ಗೆರೆಗಳು ಕೊನೆಯವರೆಗೂ ಕಾಣುತ್ತಿದ್ದವು, ಆಮೇಲೆ ಹೊಳೆಯುವ ಒಂದು ತೊಟ್ಟು.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅವನು ಮನೆಗೆ ಬಂದ. ಕಾಶವ್ವ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು.

"ಅಕ್ಕ ಎಲ್ಲ್ಯದಾಳ್ರಿ?"

"ನಾ ಗೆದ್ದೆ," ಎಂದ.

ಅವಳು ಅವನ ಎರಡೂ ಜೇಬು ನೋಡಿದಳು, ಕರವಸ್ತ್ರ ಕೊಡವಿ ನೋಡಿದಳು. ಅಳಲಿಲ್ಲ. ತಂಬಿಗೆಯ ನೀರನ್ನು ತುಳಸಿಗೆ ಹಾಕಿ ಒಳಗೆ ಹೋಗಿ ರೊಟ್ಟಿ ಬಡಿದಳು, ಬಡಿಸಿದಳು.

ಶಿವಶರಣಪ್ಪ ಮತ್ತೆ ಆ ಮಹಡಿ ಹತ್ತಲಿಲ್ಲ. ನೆನಪಿನಿಂದ ಏಳು ಗೊಂಬೆ ಮಾಡಿದ; ಬುಟ್ಟಿ, ಸೆರಗು, ಕುಂಟು ಎಲ್ಲ ಸರಿಯಿದ್ದವು. ಕಾಶವ್ವ ಒಂದೊಂದನ್ನೂ ತಿರುಗಿಸಿ ಬೆನ್ನು ನೋಡಿ, "ಯಾರಾಕಿ? ನನಗ ಗುರ್ತಿಲ್ಲ," ಎಂದು ಹಿಂದಕ್ಕೆ ಕೊಟ್ಟಳು. ಮೇಣದ ಉಂಡೆ ಮುಂದಿಟ್ಟರೆ ಮುಟ್ಟಲಿಲ್ಲ. ಎಂಬತ್ತೆಂಟರಲ್ಲಿ ಅವನ ಕೆಲಸ ಮುಗಿಯುವವರೆಗೂ ದಿನಾ ಬುತ್ತಿ ಕಟ್ಟಿದಳು, ಬಾಗಿಲ ತನಕ ಬಂದು ಕೈಗೆ ಕೊಟ್ಟಳು. ಕಾರ್ಖಾನೆಗಿರಲಿ, ಸಂತೆಗಿರಲಿ, ಹೊಸ್ತಿಲು ದಾಟುವ ಮುಂಚೆ ಅವನ ಜೇಬಿನ ಕಡೆ ನೋಡಿ, ತಣ್ಣಗೆ, ಒಂದೇ ಮಾತು ಕೇಳುತ್ತಿದ್ದಳು:

"ಇವತ್ತ ಯಾರನ್ನ ಕರಕೊಂಡು ಹೊಂಟೀರಿ?"