ಕಬ್ಬಿಣವನ್ನು ಹೊರಗೆ ಹಿಡಿಯುವ ಕ್ರಮ

ನಮ್ಮೂರಿನಲ್ಲಿ ಮಕ್ಕಳಿಗೆ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುತ್ತಾರೆ. ನಮ್ಮೂರು ಅಂದರೆ ನನ್ನ ಗಂಡನ ಊರು, ನಾಗಮಂಗಲ ತಾಲ್ಲೂಕಿನ ದೇವಲಾಪುರದ ಆಚೆ. ನಾನು ಹುಟ್ಟಿದ ಬಾಬುರಾಯನಕೊಪ್ಪಲಿನಲ್ಲೂ ಈ ಪದ್ಧತಿ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿಯವರು ಒಂದು ಬೀಗದ ಕೈಗೆ ಸುಮ್ಮನಾಗುತ್ತಿದ್ದರು.

ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಒಂದು ಸಲ ಫಿಟ್ಸ್ ಬಂತು. ಅತ್ತೆ ಹಲ್ಲಿನ ನಡುವೆ ಚಮಚ ತುರುಕಿದರು. ಚಿಕ್ಕಮಾವ ಕಾಲು ಅದುಮಿ ಹಿಡಿದರು. ಎದುರುಮನೆಯಾಕೆ ಬಾಯಿಗೆ ನೀರು ಹುಯ್ದಳು. ಯಾರೋ ಮೂಗಿಗೆ ಚಪ್ಪಲಿ ಹಿಡಿದರು, ಅದೂ ಯಾರ ಚಪ್ಪಲಿಯೋ. ನಾಗಮಂಗಲದ ಡಾಕ್ಟರು ಮಗುವಿನ ಒಡೆದ ತುಟಿ ನೋಡಿ, ಇದು ಫಿಟ್ಸ್ ಮಾಡಿದ ಗಾಯವಲ್ಲ, ನೀವು ಮಾಡಿದ್ದು ಎಂದರು. ಆ ನೀರು ಉಸಿರಿಗೆ ಹೋಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. ಮತ್ತೆ ಬಂದರೆ ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಅದುಮಿ ಹಿಡಿಯಬಾರದು, ತಲೆಗೆ ಬಡಿಯುವಂಥದ್ದನ್ನು ದೂರ ಸರಿಸಿ ಗಡಿಯಾರ ನೋಡಿಕೊಳ್ಳಬೇಕು. ಐದು ನಿಮಿಷಕ್ಕೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆ. ಇದನ್ನು ನಾನು ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ನಮ್ಮ ಮನೆಯಲ್ಲಿ ತಲೆಯಾಡಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಸಂಬಂಧವಿಲ್ಲ.

ಎರಡನೇ ಸಲ ಬಂದದ್ದು ರಾಗಿ ಕುಯ್ಲಿನ ಕಾಲದಲ್ಲಿ, ನಡುಮಧ್ಯಾಹ್ನ. ಗಂಡ ಪಾಂಡವಪುರದಲ್ಲಿ ಕೆಲಸದಲ್ಲಿದ್ದರು. ಜ್ವರದಲ್ಲಿ ಚಾಪೆಯ ಮೇಲೆ ಮಲಗಿದ್ದ ಮಗು ಇದ್ದಕ್ಕಿದ್ದಂತೆ ಸೆಟೆದುಕೊಂಡಿತು. ಮಗ್ಗುಲಾಗಿಸಿ ಗಡಿಯಾರ ನೋಡಿದೆ. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತು ಕೂಗಿದ್ದು ಮೂರು ಹೊಲದಾಚೆಗೂ ಕೇಳಿಸಿತ್ತು.

ಜನ ಹೊಲದಿಂದ ಹಾಗೇ ಬಂದರು, ಕೈಯಲ್ಲಿ ಕುಡುಗೋಲು ಹಿಡಿದೇ ಇದ್ದರು. ಚಿಕ್ಕಮಾವ ಹಾರೆ ತಂದು ಮಗುವಿನ ತಲೆಯ ಹತ್ತಿರ ಗೋಡೆಗೆ ಒರಗಿಸಿದರು. ಒಬ್ಬ ನೇಗಿಲ ಗುಳ ತಂದ. ಇನ್ನೊಬ್ಬನಿಗೆ ಏನೂ ಸಿಕ್ಕದೆ ಸೈಕಲ್ಲನ್ನೇ ನಡುಮನೆಗೆ ತಳ್ಳಿಕೊಂಡು ಬಂದ. ಎದುರುಮನೆಯಾಕೆ ಸ್ಟೀಲ್ ಸೌಟು ತಂದಿದ್ದಳು. ಸ್ಟೀಲು ಕಬ್ಬಿಣ ಹೌದೋ ಅಲ್ಲವೋ ಎಂದು ಅವಳಿಗೂ ಚಿಕ್ಕಮಾವನಿಗೂ ನನ್ನ ಮಗುವಿನ ನೆತ್ತಿಯ ಮೇಲೆಯೇ ವಾದ ಹತ್ತಿತು. ಅವಳ ಇನ್ನೊಂದು ಕೈಯಲ್ಲಿ ನೀರಿನ ಚೊಂಬಿತ್ತು. ನನಗೆ ಜೀವ ಬಾಯಿಗೆ ಬಂದದ್ದು ಆ ಚೊಂಬು ನೋಡಿ.

ದೂರ ಹೋಗಿ ಎಂದು ಕಿರುಚಿದೆ. ಹೆತ್ತವಳು ಕಿರುಚುವುದು ಇದ್ದದ್ದೇ ಎಂದುಕೊಂಡು ಅವರು ಇನ್ನಷ್ಟು ಹತ್ತಿರ ಬಂದರು. ಹಾರೆ ಜಾರತೊಡಗಿತ್ತು. ಒಂದು ಕೈಯಲ್ಲಿ ಅದನ್ನು ತಡೆದೆ. ಆಗ ಎಲ್ಲಿಂದ ಹೊಳೆಯಿತೋ, ದನಿ ತಗ್ಗಿಸಿ ಹೇಳಿಬಿಟ್ಟೆ.

"ಡಾಕ್ಟ್ರು ಏಳವ್ರೆ. ಕಬ್ಬುಣ ಮಗ ಇಡೀಬಾರ್ದಂತೆ, ದೊಡ್ಡೋರು ಇಡೀಬೇಕಂತೆ. ಮನೆ ಸುತ್ತ ಆಚೆ ನಿಂತ್ಕಂಡು, ಮಾತಾಡ್ದಂಗೆ."

ವಾದ ನಿಂತಿತು. ಡಾಕ್ಟರ ಮೇಲಿದ್ದ ಅನುಮಾನ ಅವರ ಮುಖದಿಂದ ಇಳಿದದ್ದನ್ನು ನಾನು ಕಂಡೆ. ಕೊನೆಗೂ ಆ ಮನುಷ್ಯ ಬುದ್ಧಿಯಿರುವ ಒಂದು ಮಾತು ಹೇಳಿದ್ದ.

"ಸ್ಟೀಲು ನಡೀತದಾ?" ಎಂದಳು ಎದುರುಮನೆಯಾಕೆ.

"ನಡೀತದೆ. ಚೊಂಬು ನಡಿಯಲ್ಲ, ಅದ ಇಲ್ಲೇ ಬುಡು."

ಚಿಕ್ಕಮಾವನತ್ತ ಒಂದು ನೋಟ ಬೀರಿ, ಚೊಂಬು ಇಟ್ಟು ಹೊರಟಳು. ಎಲ್ಲರೂ ತಮ್ಮ ತಮ್ಮ ಕಬ್ಬಿಣ ಎತ್ತಿಕೊಂಡು ಹೊರನಡೆದರು. ಸೈಕಲ್ಲು ಹೊಸಲು ದಾಟಿತು. ಕೊನೆಗೆ ಅತ್ತೆ, ಉಗ್ರಾಣದ ಬೀಗದ ಕೈ ಹಿಡಿದು.

ಮನೆಯೊಳಗೆ ಗಾಳಿ ಬಂತು. ಮಗುವಿನ ಕೈಕಾಲಿನ ಅದುರು ನಿಧಾನವಾಗಿ ತಗ್ಗಿತು, ಜೊಲ್ಲು ತಾನಾಗೇ ಹೊರಗೆ ಹರಿಯಿತು, ಒಂದು ಉದ್ದ ಉಸಿರು ಬಂತು. ದೊಡ್ಡ ಮುಳ್ಳು ಐದು ನಿಮಿಷ ದಾಟಿರಲಿಲ್ಲ. ಬಾಯಿ ಒರೆಸಿ, ಅವಳ ಪಕ್ಕದಲ್ಲೇ ಒರಗಿ ಅತ್ತುಬಿಟ್ಟೆ. ಅವಳು ನಿದ್ದೆ ಹೋದಳು. ಹೊರಗಿನವರನ್ನು ನಾನು ಪೂರ್ತಿ ಮರೆತೇಬಿಟ್ಟಿದ್ದೆ.

ನೆನಪಾದದ್ದು ಬಸ್ಸು ನಿಂತ ಸದ್ದಿಗೆ. ಬಿಸಿಲಿನಲ್ಲಿ ಒಂದು ಮನೆಯ ಸುತ್ತ ಜನ ಕುಡುಗೋಲು, ಹಾರೆ ಹಿಡಿದು ತುಟಿಪಿಟಕ್ಕೆನ್ನದೆ ನಿಂತಿರುವುದನ್ನು ಕಂಡು, ಗಲಾಟೆಯೆಂದು ಡ್ರೈವರು ಬ್ರೇಕು ಹಾಕಿದ್ದ. ಕಂಡಕ್ಟರು ಇಳಿದು ಏನೆಂದು ಕೇಳಿದರೆ ಒಬ್ಬರೂ ಉತ್ತರ ಕೊಡಲಿಲ್ಲ. ಅತ್ತೆ ಕೈಸನ್ನೆಯಲ್ಲಿ ಮಗು ತೋರಿಸಿದರು, ಕೀಲಿ ತೋರಿಸಿದರು, ಆಕಾಶ ತೋರಿಸಿದರು. ನಾನು ಮಗುವನ್ನೆತ್ತಿಕೊಂಡು ಹೊರಬಂದಾಗ ಕಂಡಕ್ಟರು ಟಿಕೆಟ್ಟಿಗೆ ತೂತು ಹಾಕುವ ಪಂಚನ್ನು ಹಿಡಿದು ಸೈಕಲ್ಲಿನವನ ಪಕ್ಕ ನಿಂತಿದ್ದ. ಅದೇ ಬಸ್ಸಿನಲ್ಲಿ ನಾಗಮಂಗಲಕ್ಕೆ ಹೋದೆವು. ಡಾಕ್ಟರು ಮಗುವನ್ನು ಪರೀಕ್ಷಿಸಿ, ಸರಿಯಾಗಿ ನೋಡಿಕೊಂಡಿದ್ದೀರಿ ಎಂದರು. ಅತ್ತೆಯನ್ನು ಏನೋ ಕೇಳಿದರು. ಕೀಲಿ ಇನ್ನೂ ಕೈಯಲ್ಲಿದ್ದುದರಿಂದ ಅತ್ತೆ ಬಾಯಿ ಬಿಡಲಿಲ್ಲ. ನಾನು ಗೋಡೆ ನೋಡುತ್ತಾ ಕೂತೆ.

ಮಗಳಿಗೆ ಆಮೇಲೆ ಬರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಒಂದು ಸಂಜೆ ಹುಲ್ಲಿನ ಹೊರೆ ಹೊತ್ತು, ಕೈಯಲ್ಲಿ ಕುಡುಗೋಲು ಹಿಡಿದು ಬರುತ್ತಿದ್ದೆ. ಎದುರುಮನೆಯ ಸುತ್ತ ಜನ ಕಬ್ಬಿಣ ಹಿಡಿದು ಸಾಲಾಗಿ ನಿಂತಿದ್ದರು. ನನ್ನ ಮಗಳೂ ಸಾಲಿನಲ್ಲಿದ್ದಳು, ಲಂಗದ ಪಿನ್ನು ಹಿಡಿದು. ಹೊರೆ ಎಸೆದು ಒಳಗೆ ನುಗ್ಗಿದೆ. ಆ ಮನೆಯ ಮೊಮ್ಮಗು ಮಗ್ಗುಲಾಗಿ ಮಲಗಿ ಅದುರುತ್ತಿತ್ತು. ಪಕ್ಕದಲ್ಲಿ ಅತ್ತೆ ಒಬ್ಬರೇ ಕೂತಿದ್ದರು, ಮೊಳೆಯಿಂದ ಕಿತ್ತು ತಂದ ನಮ್ಮ ಗೋಡೆ ಗಡಿಯಾರ ಮಡಿಲಲ್ಲಿಟ್ಟುಕೊಂಡು.

ತಲೆಯೆತ್ತದೆ ಹೇಳಿದರು: "ಬಾಯ್ಗೆ ಏನೂ ಆಕಿಲ್ಲ. ಮುಳ್ಳು ನೋಡ್ತಾವ್ನಿ. ನೀನ್ಯಾಕ್ ಒಳಿಕ್ ಬಂದೆ, ಓಗು, ಕುಡ್ಲು ಇಡ್ಕಂಡು ನಿಂತ್ಕೊ."

ಹೊರಗೆ ಬಂದೆ. ಮಗಳು ಸರಿದು ಜಾಗ ಕೊಟ್ಟಳು. ಅದು ಸುಳ್ಳೆಂದು ಆ ಸಾಲಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೂ ಒಳಗಿನಿಂದ ಮಗುವಿನ ಅಳು ಕೇಳಿಸುವ ತನಕ ಕುಡುಗೋಲಿನ ಮೇಲಿನ ಹಿಡಿತ ಸಡಿಲಿಸಲು ನನಗೆ ಧೈರ್ಯ ಬರಲಿಲ್ಲ.