ಸಿಮೆಂಟಿನ ಒಳಗಿನ ಗೋಡೆ

ನಮ್ಮೂರಿನ ಇಗರ್ಜಿಯನ್ನು ಸ್ಪೇನಿನ ಪಾದ್ರಿಗಳು ಕಟ್ಟಿಸಿದರೆಂದು ಬಾಗಿಲ ಫಲಕದಲ್ಲಿ ಬರೆದಿದೆ. ಇನ್ನೂರು ವರ್ಷ ಅದನ್ನು ನಿಲ್ಲಿಸಿಕೊಂಡು ಬಂದವರು ರಮೊನ್ಸೀತಾಳಂಥ ಹೆಂಗಸರೆಂದು ಎಲ್ಲೂ ಬರೆದಿಲ್ಲ. ನ್ಯೂ ಮೆಕ್ಸಿಕೋದ ಈ ಕಣಿವೆಯಲ್ಲಿ ಗೋಡೆ ಎಬ್ಬಿಸುವುದು ಗಂಡಸರ ಪಾಲು, ಮೆತ್ತುವುದು ಹೆಂಗಸರ ಪಾಲು. ಪ್ರತಿ ಜೂನಿನಲ್ಲಿ ಮಣ್ಣಿಗೆ ಗೋಧಿಹುಲ್ಲು ಕಲಸಿ, ಅಂಗೈಯಿಂದ ಬಳಿದು, ಕುರಿತುಪ್ಪಳದ ತುಂಡಿನಿಂದ ನಯ ಮಾಡುತ್ತಿದ್ದರು. ಒಂಬತ್ತನೆಯ ವಯಸ್ಸಿಗೆ ಮಣ್ಣಿಗೆ ಕೈಹಾಕಿದ ರಮೊನ್ಸೀತಾ ಐವತ್ತೆರಡು ಬೇಸಗೆ ಬಿಡಲಿಲ್ಲ. ಹೆರಿಗೆಯಾದ ವರ್ಷವೂ ಕೂಸನ್ನು ನೆರಳಲ್ಲಿ ಮಲಗಿಸಿ ಏಣಿ ಹತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಅವಳ ತಮ್ಮನ ಮಗ ಪ್ರೊಕೋಪಿಯೊ ಇಗರ್ಜಿಯ ಉಸ್ತುವಾರಿಯಾದ. ಅತ್ತೆಯ ಮೇಲಿನ ಕನಿಕರದಿಂದಲೇ ಗೋಡೆಗೆಲ್ಲ ಹೊರಗಿನಿಂದ ಸಿಮೆಂಟು ಬಳಿಸಿದ.

"ಇನ್ನು ಆರಾಮಾಗಿ ಕೂತ್ಕೋ ಅತ್ತೆ."

"ಮಣ್ಣಿನ ಗೋಡೆ ಬೆವರುತ್ತೆ ಕಣೋ. ಅದಕ್ಕೆ ತಗಡಿನ ಅಂಗಿ ತೊಡಿಸ್ತಿದೀಯ."

"ಬೆವರುತ್ತಾ? ಜ್ವರ ಬಂದ್ರೆ ಕಷಾಯನೂ ಕೊಡೋಣ ಬಿಡು," ಎಂದು ನಕ್ಕಿದ್ದ. ಊರೂ ನಕ್ಕಿತ್ತು.

ಅಂದಿನಿಂದ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಅವಳು ಉತ್ತರದ ಗೋಡೆಯ ಒಳಮೈ ಮುಟ್ಟಿ ನೋಡುತ್ತಿದ್ದಳು. ಈ ವರ್ಷ ಹಿಮ ಕರಗಿದ ಮೇಲೆ ಅದು ಒದ್ದೆಯಾಗಿತ್ತು. ಬುಡದಲ್ಲಿ ಒಂದು ಗೇಣು ಸಿಮೆಂಟು ಕಿತ್ತು ನೋಡೋಣವೆಂದಳು. ಸಮಿತಿ ಸೇರಲಿ ಎಂದ ಪ್ರೊಕೋಪಿಯೊ. ಸಮಿತಿ ಸೇರಿತು, ಪಾದ್ರಿ ಬರಲಿ ಎಂದಿತು. ಪಾದ್ರಿ ಬಂದರು, ಮೇಲಿನವರಿಗೆ ಕಾಗದ ಬರೆಯುತ್ತೇನೆ ಎಂದರು. ಏಪ್ರಿಲ್ ಹೋಯಿತು, ಮೇ ಹೋಯಿತು.

ಜೂನಿನ ಒಂದು ಬೆಳಗ್ಗೆ ಅವಳೇ ಹಾರೆ ತಂದು ಹೊಡೆದಳು. ಸಿಮೆಂಟು ಚಿಪ್ಪಿನಂತೆ ಕಳಚಿತು. ಒಳಗಿನ ಮಣ್ಣು ಗಂಜಿಯಂತೆ ಅವಳ ಪಾದದ ಮೇಲೆ ಸುರಿಯಿತು.

ಓಡಿಬಂದ ಪ್ರೊಕೋಪಿಯೊ ಆ ಪೊಳ್ಳನ್ನೇ ನೋಡುತ್ತ ನಿಂತ. "ಇಷ್ಟಾಗಿದ್ಯಾ ಅತ್ತೆ?"

"ಈ ಗೋಡೆ ಉಳಿಯಲ್ಲ. ಮಿಕ್ಕ ಮೂರಾದ್ರೂ ಉಳೀಬೇಕಂದ್ರೆ ಸಿಮೆಂಟು ಕಿತ್ತು ಈ ಬೇಸಿಗೇಲೇ ಮೆತ್ತಬೇಕು."

"ಮೆತ್ತೋರು ಯಾರಿದಾರೆ?"

ಹಿಂದೆ ಮೆತ್ತುತ್ತಿದ್ದ ಹದಿನಾಲ್ಕು ಹೆಂಗಸರಲ್ಲಿ ಅವಳೂ ಸೇರಿ ಇಬ್ಬರು ಉಳಿದಿದ್ದರು. ಇನ್ನೊಬ್ಬಳಿಗೆ ತೋಳು ಮೇಲೇಳುತ್ತಿರಲಿಲ್ಲ. ಹರೆಯದವರು ಮಣ್ಣು ಮುಟ್ಟಿದವರೇ ಅಲ್ಲ.

"ಶೂ ಬಿಚ್ಚು," ಎಂದಳು ರಮೊನ್ಸೀತಾ.

"ನಾನಾ? ಅದು ಹೆಂಗಸರ ಕೆಲಸ."

"ಆ ಹೆಂಗಸರನ್ನ ಮನೇಲಿ ಕೂರಿಸಿದೋನು ನೀನೇ. ಬಿಚ್ಚು."

ಮಧ್ಯಾಹ್ನದವರೆಗೆ ಅವನು ಗುಂಡಿಯಲ್ಲಿ ಮಣ್ಣು ತುಳಿದ. ಅವಳು ಒಂದು ಮುದ್ದೆ ತೆಗೆದು ಹಿಸುಕಿ, ಮರಳಿ ಎಸೆದಳು.

"ಹದ ಬಂದಿಲ್ಲ."

"ಹದ ಅಂದ್ರೆ ಏನು, ಅದನ್ನಾದ್ರೂ ಹೇಳು."

ಅವಳ ಕೈಗೆ ಗೊತ್ತಿದ್ದುದು ಬಾಯಿಗೆ ಬರಲಿಲ್ಲ. ಅಳು ಬರುವಷ್ಟು ಸಿಟ್ಟು ಬಂತು. ಅವನ ಎರಡೂ ಕೈ ಹಿಡಿದೆಳೆದು, ತನ್ನ ಕೈಗಳ ಜೊತೆಗೇ ಕೆಸರಿನಲ್ಲಿ ಅದ್ದಿದಳು.